ಅರಗು ಒಡೆಯದ ಡಬ್ಬಿ

ಪಂಚಾಕ್ಷರಪ್ಪ ಕಣ್ಣು ಮುಚ್ಚಿಕೊಂಡು ಖಾನೆಯೊಳಗೆ ಕೈ ಹಾಕಿದ.

ಬೆರಳಿಗೆ ಮೊದಲು ಸಿಕ್ಕಿದ್ದು ಹತ್ತಿ. ಆಮೇಲೆ ಗರಿ. ಗರಿಯ ಕೆಳಗೆ ಒಣಗಿದ ಚರ್ಮ, ಹಳೆಯ ಹಪ್ಪಳದಂತೆ. ಕೈ ತಾನಾಗಿಯೇ ಹಿಂದಕ್ಕೆ ಬಂತು.

“ಕಚ್ಚಲ್ಲ ಸ್ವಾಮಿ. ಸತ್ತು ಏಳು ವರ್ಷ ಆಗೈತೆ,” ಎಂದಳು ಜಹೀರಾ.

ಬಾಗಿಲಲ್ಲಿ ನಿಂತಿದ್ದ ದಫೇದಾರ ಕಾಟಯ್ಯ ಕೆಮ್ಮಿದ. ಕೆಮ್ಮಿನ ಮುಸುಕಿನಲ್ಲಿ ನಗುವನ್ನು ಬಚ್ಚಿಡುವುದು ಅವನಿಗೆ ಇಪ್ಪತ್ತು ವರ್ಷದ ಅಭ್ಯಾಸ.

“ಆ ಡಬ್ಬಿಯನ್ನು ಯಾವ ಖಾನೆಯಲ್ಲಿ ಇಟ್ಟೆಯೋ?” ಎಂದು ಇನ್ಸ್‌ಪೆಕ್ಟರ್ ಪಂಚಾಕ್ಷರಪ್ಪ ಅವನ ಮೇಲೆ ರೇಗಿದ.

“ನೆಪ್ಪಿಲ್ಲ ಸ್ವಾಮಿ. ಆವತ್ತು ಮೂಗು ಮುಚ್ಕಂಡು ಒಳಗೆ ಬಂದೆ. ಯಾವುದೋ ಒಂದು ಖಾನೆ ಎಳೆದು ತುರುಕಿ ಓಡಿದೆ. ನೀವೇ ಹೇಳಿದ್ರಿ, ಬೇಗ ಮುಗಿಸೋ ಅಂತ.”

ಹೇಳಿದ್ದು ನಿಜ. ಪಂಚಾಕ್ಷರಪ್ಪ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡ. ಕೊರಳ ಲಿಂಗ ಸತ್ತ ಹಕ್ಕಿಯ ಮೇಲೆ ಜೋತಾಡುವುದು ಬೇಡ. ಆಮೇಲೆ ಕಣ್ಣು ತೆರೆದು, ಎರಡು ಕೈಯನ್ನೂ ಒಳಗೆ ಹಾಕಿದ.

ಈ ಬಂಗಲೆಯ ಒಡೆಯ, ದುರ್ಗದವರೆಲ್ಲ ‘ಹಕ್ಕಿ ದೊರೆ’ ಎನ್ನುತ್ತಿದ್ದ ರಾಲ್‌ಸ್ಟನ್, ಹತ್ತೊಂಬತ್ತು ದಿನದ ಹಿಂದೆ ಮಧ್ಯಾಹ್ನದ ಗಂಜಿ ಕುಡಿದು ಪಾಷಾಣದಿಂದ ಸತ್ತಿದ್ದ. ಅವನ ಹಕ್ಕಿಗಳ ಚರ್ಮ ಸುಲಿದು, ಅದೇ ಪಾಷಾಣ ಹಚ್ಚಿ ಹದ ಮಾಡುತ್ತಿದ್ದ ಇಮಾಮ್ ಸಾಬ್, ಜಹೀರಾಳ ತಂದೆ, ಆ ಕೊಲೆಗಾಗಿ ಠಾಣೆಯ ಕಂಬಿಗಳ ಹಿಂದಿದ್ದ. ನಾಳೆ ಬೆಳಗಿನ ಗಾಡಿಗೆ ಹೊಳಲ್ಕೆರೆ, ಅಲ್ಲಿಂದ ರೈಲಿನಲ್ಲಿ ಶಿವಮೊಗ್ಗೆಯ ಸೆಷನ್ಸ್ ಕೋರ್ಟು. ಪಾಷಾಣ ಹಾಕಿದವನಿಗೆ ಅಲ್ಲಿ ಕಾದಿರುವುದು ಏನೆಂದು ಯಾರಿಗೂ ಹೇಳಬೇಕಾಗಿರಲಿಲ್ಲ.

ಬೆಳಿಗ್ಗೆ ಆ ಹುಡುಗಿ ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತಿರಲಿಲ್ಲ. ಕೇಳಿದ್ದು ಒಂದೇ ಮಾತು: “ಹಿರಿಯೂರಿಂದ ಬಂದ ಡಬ್ಬಿಯೊಳಗೆ ಏನಿತ್ತು ಸ್ವಾಮಿ?”

ಅದಕ್ಕೆ ಉತ್ತರ ಪಂಚಾಕ್ಷರಪ್ಪನ ಬಳಿ ಇರಲಿಲ್ಲ. ಇಲ್ಲವೆಂದು ಹೇಳುವ ಬಾಯಿಯೂ ಇರಲಿಲ್ಲ. “ನಡೆ, ತೋರಿಸುತ್ತೇನೆ,” ಎಂದು ಬಂದಿದ್ದ.

ಕೋಣೆಯ ನಾಲ್ಕು ಗೋಡೆಗೂ ಬೀರುಗಳು. ಒಂದೊಂದು ಬೀರುವಿಗೆ ಹನ್ನೆರಡು ಖಾನೆ. ಒಂದೊಂದು ಖಾನೆಯಲ್ಲೂ ಹಕ್ಕಿಗಳು ಅಂಗಾತ ಮಲಗಿದ್ದವು. ಕಾಲ ಮೇಲೆ ಕಾಲು, ಕಣ್ಣಿನ ಜಾಗದಲ್ಲಿ ಹತ್ತಿ, ಕಾಲಿಗೆ ಒಂದು ಚೀಟಿ. ಕರ್ಪೂರದ ವಾಸನೆ. ಅದರ ಅಡಿಯಲ್ಲಿ ಇನ್ನೊಂದು, ಹೆಸರಿಡಲಾಗದ ವಾಸನೆ.

“ಇದು ನ್ಯೂಗಿನಿ,” ಎಂದಳು ಜಹೀರಾ, ಊರಿನ ಬೀದಿಯೊಂದನ್ನು ತೋರಿಸುವಂತೆ.

ಆ ಖಾನೆಯ ಹಕ್ಕಿಯ ಪಕ್ಕೆಯಿಂದ ಚಿನ್ನದ ಎಳೆಯಂಥ ಗರಿಗಳು ಹೊರಟು ಬಾಲವನ್ನೂ ಮೀರಿ ಹರಡಿದ್ದವು. ಪಂಚಾಕ್ಷರಪ್ಪ ಅದನ್ನು ಎತ್ತಿ ಕೆಳಗೆ ನೋಡಿದ. ಡಬ್ಬಿ ಇರಲಿಲ್ಲ.

“ಇದಕ್ಕೆ ಕಾಲೇ ಇಲ್ಲವಲ್ಲ?”

“ಅಲ್ಲಿನೋರು ಕಾಲು ಕತ್ತರಿಸೇ ಮಾರ್ತಿದ್ರಂತೆ. ಅದಕ್ಕೇ ಬಿಳಿ ಜನ ಮೊದ್ಲು ಏನಂದ್ಕೊಂಡಿದ್ರು ಗೊತ್ತಾ? ಈ ಹಕ್ಕಿ ನೆಲಕ್ಕೇ ಇಳಿಯಲ್ಲ, ಸಾಯೋತನ್ಕ ಹಾರ್ತಾನೇ ಇರ್ತೈತೆ ಅಂತ. ನೂರಾರು ವರ್ಷ ನಂಬಿದ್ರಂತೆ. ಅಪ್ಪ ನಗ್ತಿದ್ರು. ಹೋಗಿ ನೋಡೋ ಬದ್ಲು ಕೂತಲ್ಲೇ ಬರ್ಕಂಡ್ರೆ ಹಂಗೇ ಅಂತ.”

ಅವಳು ಚುಚ್ಚಲು ಹೇಳಿದಳೋ, ಸುಮ್ಮನೆ ಹೇಳಿದಳೋ. ಪಂಚಾಕ್ಷರಪ್ಪ ಖಾನೆಯನ್ನು ಒಳಗೆ ತಳ್ಳಿದ.

ಮುಂದಿನದು ಬ್ರೆಜಿಲ್. ಹೆಬ್ಬೆರಳಿನಷ್ಟು ಹಕ್ಕಿಗಳು, ನಲವತ್ತೋ ಐವತ್ತೋ, ಸರಾಫನ ಅಂಗಡಿಯ ತಟ್ಟೆಯಲ್ಲಿ ಹರಳು ಜೋಡಿಸಿದಂತೆ. ಹೊರಳಿಸಿದರೆ ಹಸಿರು ಕೆಂಪಾಗುತ್ತಿತ್ತು, ಕೆಂಪು ಕಪ್ಪಾಗುತ್ತಿತ್ತು. ಅದರಾಚೆ ಆಫ್ರಿಕದ್ದು: ಹಾವನ್ನು ಒದ್ದು ಕೊಲ್ಲುವ ಉದ್ದ ಕಾಲಿನದು, ಖಾನೆ ಸಾಲದೆ ಅಡ್ಡಡ್ಡ ಮಲಗಿಸಿದ್ದರು. ಅದರಾಚೆ ನ್ಯೂಜಿಲೆಂಡ್.

“ಇದು ರೆಕ್ಕೆ ಇಲ್ಲದ್ದು.”

“ರೆಕ್ಕೆ ಇಲ್ಲದ್ದು ಹೆಂಗ್ ಹಕ್ಕಿ ಆಯ್ತು?” ಕಾಟಯ್ಯನಿಗೆ ತಡೆಯಲಾಗಲಿಲ್ಲ. “ಬಡ್ತಿ ಇಲ್ಲದ ದಫೇದಾರನಂಗೆ!”

“ಲೇ, ಬಾಯಿ ಮುಚ್ಚು. ಇವನ್ನೆಲ್ಲ ನೀನು ಎಲ್ಲಿ ಕಲಿತೆ ತಾಯಿ?”

“ನಾನು ಹೊಳಲ್ಕೆರೆ ದಾಟಿಲ್ಲ ಸ್ವಾಮಿ. ನಮ್ಮ ಬಯಲಿಂದು ಒಂದು ಹಕ್ಕಿ ಕಳಿಸಿದ್ರೆ, ಅಲ್ಲಿಂದ ಒಂದು ಬರ್ತಿತ್ತು. ಹಂಗೇ ಬಂದೋವು ಎಲ್ಲಾ. ದೊರೆ ಚೀಟಿ ಓದಿ ಹೇಳೋರು, ನಾನು ಹತ್ತಿ ಬದ್ಲಾಯಿಸ್ತಾ ಕೇಳ್ತಿದ್ದೆ. ಯಾವ ಸೀಮೆ ಹಕ್ಕಿ ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳ್ತೀನಿ.” ಒಂದು ಕ್ಷಣ ಅವಳ ಮುಖದಲ್ಲಿ ಹೆಮ್ಮೆ ಮಿಂಚಿತು. ತಂದೆಯ ನೆನಪಾಗಿ ಅದು ಆರಿತು.

ಡಬ್ಬಿ ಸಿಕ್ಕಿದ್ದು ಕಿಟಕಿಯ ಕೆಳಗಿನ ಬೀರುವಿನ ಕಟ್ಟಕಡೆಯ ಖಾನೆಯಲ್ಲಿ.

ಮೊಳದುದ್ದದ ತವರದ ಡಬ್ಬಿ. ಸುತ್ತ ಖಾದಿ ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಐದು ಕಡೆ ಕೆಂಪು ಅರಗು ಹಾಕಿತ್ತು. ಅರಗಿನ ಮೇಲೆ ಹಿರಿಯೂರು ಅಂಚೆ ಕಚೇರಿಯ ಮುದ್ರೆ.

ಐದು ಮುದ್ರೆಗಳೂ ಹಾಗೇ ಇದ್ದವು.

ಜಹೀರಾ ನೆಲದ ಮೇಲೆ ಕುಳಿತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದೊಂದೇ ಮುದ್ರೆಯನ್ನು ಬೆರಳಿಂದ ಸವರಿದಳು.

“ಒಡೆದೇ ಇಲ್ಲ,” ಎಂದಳು.

ಕಾಟಯ್ಯನಿಗೆ ಕೆಮ್ಮೂ ಬರಲಿಲ್ಲ.

“ಕೋರ್ಟಿನಾಗೆ ಓದಿದ್ರಲ್ರಿ. ‘ತವರದ ಡಬ್ಬಿ ಒಂದು, ತೆರೆದು ಪರಿಶೀಲಿಸಲಾಯಿತು, ಕೇಸಿಗೆ ಸಂಬಂಧಪಟ್ಟದ್ದೇನೂ ಇಲ್ಲ.’ ಕೆಳಗೆ ನಿಮ್ಮ ರುಜು ಐತೆ ಅಂತ ಹೇಳಿದ್ರು.”

“ಹೌದು,” ಎಂದ ಪಂಚಾಕ್ಷರಪ್ಪ.

ಇನ್ನೇನು ಹೇಳಬಹುದಿತ್ತು? ದೊರೆ ಸತ್ತ ಮಾರನೆಯ ದಿನ, ಪಂಚನಾಮೆ ಬರೆಯುತ್ತಿದ್ದಾಗಲೇ ಟಪಾಲಿನವನು ಆ ಡಬ್ಬಿ ತಂದಿದ್ದ. ಒಳಗೆ ಹಕ್ಕಿ ಇರುತ್ತದೆಂದು ಗೊತ್ತಿತ್ತು. ಮಠದ ಪಕ್ಕದ ಮನೆಯಲ್ಲಿ ಬೆಳೆದವನು. ಮೊಟ್ಟೆ ಒಡೆದ ಜಾಗವನ್ನೂ ಸುತ್ತಿ ಹೋಗುವ ಮನೆತನ. ಅವತ್ತು ಸೋಮವಾರ ಬೇರೆ. ಮುಟ್ಟಿದರೆ ಸ್ನಾನ, ಸ್ನಾನಕ್ಕೆ ಮನೆಗೆ ಹೋದರೆ ತಾಯಿಯ ಪ್ರಶ್ನೆ. ಆ ದಿನ ಎಲ್ಲ ಹಕ್ಕಿಗಳನ್ನೂ ಕಾಟಯ್ಯನ ಲಾಠಿಯ ತುದಿಯಿಂದಲೇ ಪರಿಶೀಲಿಸಲಾಗಿತ್ತು. ಡಬ್ಬಿಯನ್ನು ಅದರಿಂದಲೂ ಅಲ್ಲ.

ಇಮಾಮ್ ಸಾಬ್ ಮಾತ್ರ ಹಿಡಿದ ಸಂಜೆಯೇ ಹೇಳಿದ್ದ: “ನಾನು ಊರಾಗೇ ಇರಲಿಲ್ಲ ಸ್ವಾಮಿ, ಹಿರಿಯೂರಾಗಿದ್ದೆ. ಡಬ್ಬಿ ಬಂದಿರ್ತೈತೆ, ಬಿಚ್ಚಿ ನೋಡ್ರಿ.” ಎಲ್ಲ ಕಳ್ಳರೂ ಊರಲ್ಲಿರುವುದಿಲ್ಲ ಎಂದು ಠಾಣೆಯಲ್ಲಿ ನಕ್ಕಿದ್ದರು. ನಕ್ಕವರಲ್ಲಿ ಮೊದಲಿಗ ತಾನೇ.

“ಬಿಚ್ಚಲಾ?” ಎಂದಳು ಜಹೀರಾ.

“ನಾನು ಬಿಚ್ಚುತ್ತೇನೆ.”

ಅರಗು ಒಡೆಯುವಾಗ ಚೂರೊಂದು ಉಗುರಿನ ಸಂದಿಗೆ ಚುಚ್ಚಿತು. ಅವನು ಅದನ್ನು ತೆಗೆಯಲಿಲ್ಲ.

ಒಳಗೆ ಹತ್ತಿಯ ಹಾಸಿಗೆಯಲ್ಲಿ ಒಂದು ಹಕ್ಕಿ. ಗೌಜಲಿಗಿಂತ ದೊಡ್ಡದು, ಉದ್ದ ಹಳದಿ ಕಾಲು, ಬರಗಾಲದ ನೆಲದ ಬಣ್ಣ. ಚೀಟಿ ಇರಲಿಲ್ಲ. ಕಾಲಿಗೆ ಒಂದು ಹಳದಿ ದಾರ ಕಟ್ಟಿತ್ತು, ದಾರದ ತುಂಬ ಸಣ್ಣ ಸಣ್ಣ ಗಂಟು.

“ಇದು ಚೀಟಿ,” ಎಂದು ಜಹೀರಾ ದಾರ ಹಿಡಿದಳು. “ಅಪ್ಪನಿಗೆ ಬರೆಯಕೆ ಬರಲ್ಲ. ಹಕ್ಕಿ ಬಿದ್ದ ಗಳಿಗೇಲೇ ದಾರ ಕಟ್ತಾರೆ. ಕಣ್ಣಿನ ಬಣ್ಣ ಏನೈತೋ ಆ ಬಣ್ಣದ ದಾರ. ತಡ ಮಾಡಿದ್ರೆ ಕಣ್ಣು ಮಾಸಿಹೋಗ್ತೈತೆ, ಆಮೇಲೆ ಯಾರು ನೋಡಿದ್ರೂ ಗೊತ್ತಾಗಲ್ಲ. ಗಂಟು ಚಂದ್ರನ ಲೆಕ್ಕ. ಎಣಿಸ್ರಿ.”

ಅವನು ಎಣಿಸಿದ. ಹನ್ನೆರಡು. ಮತ್ತೆ ಎಣಿಸಿದ.

ಹಕ್ಕಿ ದೊರೆ ಸತ್ತದ್ದು ಚಂದ್ರ ಕಂಡ ಹನ್ನೆರಡನೆಯ ದಿನ.

“ಈ ಹಕ್ಕಿ ಜೋಗಿಮಟ್ಟಿ ಕಾಡಿಗೆ ಬರಲ್ಲ,” ಎಂದಳು ಅವಳು. “ಕಲ್ಲುಬಯಲು ಬಿಟ್ಟು ಕದಲಲ್ಲ. ಮಾರಿಕಣಿವೆ ಕಟ್ಟೆಗೆ ನೀರು ನಿಂತ ಮೇಲೆ ಆ ಬಯಲು ಎಷ್ಟು ದಿನ ಉಳಿದೀತೋ, ಮುಳುಗೋದ್ರೊಳಗೆ ಒಂದು ಬೇಕು ಅಂತ ದೊರೆ ಹಟ ಹಿಡಿದಿದ್ರು. ಅದಕ್ಕೇ ಅಪ್ಪ ಹೋಗಿದ್ದು. ಹಸಿ ಚರ್ಮಕ್ಕೆ ಇರುವೆ ಹತ್ತಬಾರದು ಅಂತ ಅಲ್ಲೇ ಹದ ಮಾಡಿ ಟಪಾಲಿಗೆ ಹಾಕ್ತಾರೆ.”

ಪಂಚಾಕ್ಷರಪ್ಪ ಬಟ್ಟೆಯ ಮೇಲೆ ಅಂಚೆಯವನು ಬರೆದದ್ದನ್ನು ಓದಿದ. ಅದೇ ತಾರೀಖು. ಬೆಳಿಗ್ಗೆ ಹನ್ನೊಂದು ಗಂಟೆ. ಹಿರಿಯೂರಿಂದ ದುರ್ಗಕ್ಕೆ ಇಪ್ಪತ್ತೈದು ಮೈಲಿ. ಹನ್ನೊಂದಕ್ಕೆ ಅಲ್ಲಿದ್ದವನು, ಕಾಲುನಡಿಗೆಯವನು, ಹನ್ನೆರಡೂವರೆಗೆ ಈ ಬಂಗಲೆಯ ಅಡಿಗೆಮನೆಯಲ್ಲಿ ಗಂಜಿಗೆ ಪಾಷಾಣ ಕಲಸಲಾರ.

“ಬೇರೆ ಯಾರಾದ್ರೂ ಕಳಿಸಿರಬಹುದಲ್ಲ ಸ್ವಾಮಿ?” ಎಂದ ಕಾಟಯ್ಯ.

“ಇರಬಹುದು. ಇಮಾಮ್ ಸಾಬ್ ಇದು ತನ್ನದೇ ಅಂತ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದರೆ ಸಾಕು. ಐದು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಕೈಗೆ ಸೇರಿದರೆ ನಾಳೆಯ ಗಾಡಿ ನಿಲ್ಲುತ್ತದೆ.”

“ನಿಮ್ಮ ಪಂಚನಾಮೆ?” ಕಾಟಯ್ಯ ದನಿ ತಗ್ಗಿಸಿದ. “ತೆರೆದು ನೋಡಿದೆ ಅಂತ ಬರ್ದಿದ್ದು?”

“ಸುಳ್ಳು ಬರೆದೆ ಅಂತ ಬರೆಯುತ್ತೇನೆ.”

“ಕೆಲಸ ಹೋಗ್ತೈತೆ.”

“ಹೋಗಲಿ.”

ಪಂಚಾಕ್ಷರಪ್ಪ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಬಂಗಲೆಯ ಮೆಟ್ಟಿಲಿಳಿದ. ಹಿಂದಿನಿಂದ ಜಹೀರಾ ಕೂಗಿದಳು: “ಅಪ್ಪನಿಗೆ ತಪ್ಪಾಯ್ತು ಅಂತ ಹೇಳ್ತೀರಾ ಸ್ವಾಮಿ?”

“ಹೇಳುತ್ತೇನೆ,” ಎಂದ, ತಿರುಗಿ ನೋಡದೆ.

*

ಠಾಣೆ ತಲುಪಿದಾಗ ಮೂರೂವರೆ. ಹೇಳಿಕೆ ಬರೆಯಲು ಕುಳಿತವನು ಹಳೆಯ ಪಂಚನಾಮೆಯನ್ನು ಎದುರಿಗಿಟ್ಟುಕೊಂಡ. ಡಬ್ಬಿಯ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು.

‘ಕಂದು ಬಣ್ಣದ ಕೋಟು ಒಂದು, ಇಮಾಮ್ ಸಾಬನದು. ಪರಿಶೀಲಿಸಲಾಯಿತು.’

ಅದನ್ನೂ ಪರಿಶೀಲಿಸಿರಲಿಲ್ಲ.

ಕೇಸು ನಿಂತದ್ದೇ ಆ ಕೋಟಿನ ಮೇಲೆ. ಬಂಗಲೆಯ ಜವಾನ ಓಬಯ್ಯ ಕೊಟ್ಟ ಸಾಕ್ಷಿ ಇಷ್ಟೇ: ಅವತ್ತು ಮಧ್ಯಾಹ್ನ ಇಮಾಮ್ ಸಾಬನ ಕಂದು ಕೋಟು ತೊಟ್ಟವರು, ತಲೆಗೆ ವಸ್ತ್ರ ಸುತ್ತಿಕೊಂಡವರು, ಹಿತ್ತಿಲ ಬಾಗಿಲಿಂದ ಅಡಿಗೆಮನೆಗೆ ಹೋದರು, ಹಿಂದಿನಿಂದ ನೋಡಿದ್ದು, ಮುಖ ಕಾಣಲಿಲ್ಲ. ಕೋಟು ಇಮಾಮ್ ಸಾಬನದು, ಆದ್ದರಿಂದ ಒಳಗೆ ಇದ್ದವನೂ ಇಮಾಮ್ ಸಾಬ. ಲೆಕ್ಕ ಅಷ್ಟು ಸುಲಭವಾಗಿತ್ತು.

ಹಕ್ಕಿ ಸುಲಿಯುವಾಗ ತೊಡುವ ಕೋಟು, ಪಾಷಾಣದ ಪುಡಿ ಇದ್ದೀತೆಂದು ಗೋಣಿಯಲ್ಲಿ ಸುತ್ತಿ ಮೂಲೆಗೆ ಎಸೆದಿದ್ದರು. ಪಂಚಾಕ್ಷರಪ್ಪ ಎದ್ದು ಹೋಗಿ ಗೋಣಿಯನ್ನು ಬಿಚ್ಚಿದ. ಇವತ್ತು ಕೈ ಹಿಂದಕ್ಕೆ ಬರಲಿಲ್ಲ. ಮೈಲಿಗೆಯಾಗಲು ಇನ್ನೇನು ಉಳಿದಿತ್ತು?

ದಪ್ಪ ಬಟ್ಟೆ. ಎದೆಯ ಮೇಲೆ ಹಳೆಯ ಕಲೆಗಳು. ಗುಂಡಿಯೊಂದು ಇಲ್ಲ. ಜೇಬಿನಲ್ಲಿ ಚಿಟಿಕೆ ಹತ್ತಿ. ತೋಳನ್ನು ಚಾಚಿ ಹಿಡಿದಾಗ ಅವನ ಕೈ ಅಲ್ಲೇ ನಿಂತಿತು.

ಎರಡು ತೋಳಿನ ತುದಿಯನ್ನೂ ಒಳಕ್ಕೆ ಮಡಿಸಿ ಹೊಲಿದಿತ್ತು. ಸುಮ್ಮನೆ ಮಡಿಸಿದ್ದಲ್ಲ, ನಾಲ್ಕು ಬೆರಳಗಲ ಒಳಗೆ ಸೇರಿಸಿ, ಅಕ್ಕಿ ಕಾಳಿಗಿಂತ ಸಣ್ಣ ಹೊಲಿಗೆ ಹಾಕಿತ್ತು. ಮಡಿಕೆಯ ಅಂಚು ತೇಯ್ದು ಬೆಳ್ಳಗಾಗಿತ್ತು. ನಿನ್ನೆ ಮೊನ್ನೆಯದಲ್ಲ, ವರ್ಷಗಳದ್ದು.

ಇಮಾಮ್ ಸಾಬ್ ಆರಡಿ ಎತ್ತರದವನು. ಈ ಕೋಟು ತೊಟ್ಟರೆ ಅವನ ಮುಂಗೈ ನಾಲ್ಕು ಬೆರಳಿನಷ್ಟು ಹೊರಗಿರುತ್ತದೆ.

ಪಂಚಾಕ್ಷರಪ್ಪ ಅಷ್ಟೆತ್ತರದವನಲ್ಲ. ಆದರೂ ತೊಟ್ಟು ನೋಡಿದ. ಅವನಿಗೂ ಗಿಡ್ಡ. ಇದು ಇನ್ನೂ ಚಿಕ್ಕ ತೋಳಿನವರಿಗಾಗಿ, ಸಣ್ಣ ಹೊಲಿಗೆ ಬಲ್ಲ ಕೈ ತನಗಾಗಿಯೇ ಹೊಲಿದುಕೊಂಡದ್ದು.

ಬಂಗಲೆಯಲ್ಲಿ ಡಬ್ಬಿಯ ಮುದ್ರೆ ಸವರಿದ ಜಹೀರಾಳ ಬೆರಳುಗಳು ನೆನಪಾದವು. ಖಾನೆಗಳ ಮುಂದೆ ಚಾಚಿದ ಆ ಪುಟ್ಟ ತೋಳು.

ಅವನು ಅವಸರದಿಂದ ಕೋಟು ಕಳಚಿದ.

ಎಲ್ಲವೂ ಒಂದಕ್ಕೊಂದು ಸೇರತೊಡಗಿತು, ಸೇರುವುದು ಬೇಡವೆಂದರೂ. ಹಿಡಿದ ದಿನದಿಂದ ಇಮಾಮ್ ಸಾಬ್ ಡಬ್ಬಿ, ಡಬ್ಬಿ ಎಂದು ಬಡಿದುಕೊಳ್ಳುತ್ತಿದ್ದ. ಕಂಡ ಪೊಲೀಸಿನವರ ಕಾಲಿಗೆಲ್ಲ ಬೀಳುತ್ತಿದ್ದ. ನಾಲ್ಕು ದಿನದ ಹಿಂದೆ ಮ್ಯಾಜಿಸ್ಟ್ರೇಟರ ಮುಂದೆ ಓಬಯ್ಯನ ಸಾಕ್ಷಿ ಓದಿದರು. ‘ಕಂದು ಕೋಟು’ ಎಂಬ ಮಾತು ಅವನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

ಆಮೇಲೆ ಇಮಾಮ್ ಸಾಬ್ ಡಬ್ಬಿಯ ಸುದ್ದಿ ಎತ್ತಿರಲಿಲ್ಲ. ಯಾವ ಸುದ್ದಿಯನ್ನೂ ಎತ್ತಿರಲಿಲ್ಲ. ಸೋತು ಸುಮ್ಮನಾದನೆಂದು ತಾವು ಅಂದುಕೊಂಡಿದ್ದರು.

ತಪ್ಪು ಮಾಡಿದವಳಾದರೆ ತಾನಾಗಿ ಬಂದು ಡಬ್ಬಿ ತೆರೆಯಿರಿ ಎನ್ನುತ್ತಿದ್ದಳೇ? ಎನ್ನುತ್ತಿದ್ದಳು, ತಂದೆ ನಾಳೆ ಗಾಡಿ ಹತ್ತುತ್ತಾನೆ ಎಂದಾದರೆ. ತಪ್ಪು ಮಾಡದವಳೂ ಹಾಗೇ ಬರುತ್ತಿದ್ದಳು. ಪಂಚಾಕ್ಷರಪ್ಪ ಎರಡು ದಾರಿಯಲ್ಲೂ ಹೋಗಿ ನೋಡಿದ. ಎರಡೂ ಅವನನ್ನು ಅದೇ ಮೂಲೆಗೆ, ಅದೇ ಗೋಣಿಯ ಮುಂದೆ ತಂದು ಬಿಟ್ಟವು.

ಕೋಟನ್ನು ಮಡಿಸಿ ಗೋಣಿಯಲ್ಲಿ ಸುತ್ತಿ ಇದ್ದಲ್ಲೇ ಇಟ್ಟ. ಡಬ್ಬಿ, ಹೇಳಿಕೆಯ ಕಾಗದ, ಹೆಬ್ಬೆಟ್ಟಿನ ಮಸಿ ತೆಗೆದುಕೊಂಡು ಕಂಬಿಗಳತ್ತ ನಡೆದ.

*

ಇಮಾಮ್ ಸಾಬ್ ಗೋಡೆಗೊರಗಿ ಕುಳಿತಿದ್ದ. ಇನ್ಸ್‌ಪೆಕ್ಟರು ಒಳಗೆ ಬಂದು ಎದುರಿಗೆ ನೆಲದ ಮೇಲೆಯೇ ಕುಳಿತದ್ದು ಕಂಡು ಎದ್ದು ನಿಲ್ಲಹೋದ.

“ಕುಂತ್ಕಳ್ರಿ,” ಎಂದ ಪಂಚಾಕ್ಷರಪ್ಪ. ಅವನ ಬಾಯಲ್ಲಿ ಆ ‘ರಿ’ ಬಂದದ್ದು ಇದೇ ಮೊದಲು. ಇಬ್ಬರಿಗೂ ಅದು ಕೇಳಿಸಿತು.

ಡಬ್ಬಿಯನ್ನು ನಡುವೆ ಇಟ್ಟ. ಹಕ್ಕಿಯ ಹಳದಿ ಕಾಲು ಹೊರಗೆ ಕಾಣುತ್ತಿತ್ತು. ಇಮಾಮ್ ಸಾಬನ ಕೈ ತಾನಾಗಿ ಮುಂದೆ ಬಂದು, ಮಡಿಚಿಕೊಂಡಿದ್ದ ರೆಕ್ಕೆಯ ಗರಿಯೊಂದನ್ನು ಸರಿಪಡಿಸಿ, ಹಿಂದಕ್ಕೆ ಹೋಯಿತು.

“ಇವತ್ತು ತೆರೆದೆ. ಅವತ್ತು ತೆರೆದಿರಲಿಲ್ಲ. ತೆರೆದೆ ಅಂತ ಸುಳ್ಳು ಬರೆದೆ. ನನ್ನಿಂದ ನೀವು ಹದಿನೆಂಟು ದಿನ ಇಲ್ಲಿ ಕೂತಿರಿ. ತಪ್ಪಾಯ್ತು.”

ಪಂಚಾಕ್ಷರಪ್ಪ ಹೇಳಿಕೆಯ ಕಾಗದವನ್ನು ಡಬ್ಬಿಯ ಪಕ್ಕದಲ್ಲಿ ಹಾಸಿದ.

“ಇದಕ್ಕೆ ಹೆಬ್ಬೆಟ್ಟು ಒತ್ತಿ. ಡಬ್ಬಿ ನನ್ನದು, ಆ ದಿನ ಹಿರಿಯೂರಿನಲ್ಲಿದ್ದೆ, ಅಷ್ಟೇ. ನಾಳೆ ಗಾಡಿ ಇಲ್ಲ. ನಿಮ್ಮ ಮನೆಗೆ ನೀವು ಹೋಗಬಹುದು.”

“ಯಾರು ತೆರೆಸಿದ್ದು?”

“ನಿಮ್ಮ ಮಗಳು ಬಂದಿದ್ದಳು.”

ಇಮಾಮ್ ಸಾಬ್ ಕಣ್ಣು ಮುಚ್ಚಿದ. “ಹುಚ್ಚಿ,” ಎಂದ, ಬಹಳ ಮೆಲ್ಲಗೆ. “ಹುಚ್ ಮುಂಡೇದು.”

“ಕೋಟು ಯಾರೂ ನೋಡಿಲ್ಲ ಇಮಾಮ್ ಸಾಬ್.”

ಕಣ್ಣು ತಟ್ಟನೆ ತೆರೆಯಿತು.

“ನಾನೂ ನೋಡಿಲ್ಲ,” ಎಂದ ಪಂಚಾಕ್ಷರಪ್ಪ. ಮಾತು ಅವನ ಕಿವಿಗೇ ಕೊಳೆತಂತೆ ಕೇಳಿಸಿತು. ಆದರೂ ಮುಂದುವರಿಸಿದ. “ಗೋಣಿಯಲ್ಲಿ ಹಾಗೇ ಇದೆ. ಹಾಗೇ ಇರುತ್ತದೆ.”

ಇಮಾಮ್ ಸಾಬ್ ಅವನನ್ನೇ ನೋಡಿದ. ಆಮೇಲೆ ನಕ್ಕ. ಹದಿನೆಂಟು ದಿನದ ಗಡ್ಡದೊಳಗಿನ ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು.

“ಒಳ್ಳೇ ಇನಿಸ್ಪೆಕ್ಟ್ರು ನೀವು. ನೋಡ್ದೆ ಇದ್ದು ನನ್ನ ಒಳಗೆ ಹಾಕಿದ್ರಿ. ಈಗ ನೋಡ್ದಂಗೆ ಇದ್ದು ಹೊರಗೆ ಬಿಡ್ತೀನಿ ಅಂತೀರಿ.”

“ನಿಮಗೆ ನಾನು ಮಾಡಿದ್ದನ್ನ ಸರಿ ಮಾಡಬೇಕು.”

“ನಿಮ್ಮ ಮನಸ್ಸಿಗೆ ಸಮಾಧಾನ ಬೇಕು, ಅದಕ್ಕೆ ನನ್ನ ಹೆಬ್ಬೆಟ್ಟು ಬೇಕು. ಕೇಳ್ರಿ. ನಾನಲ್ಲ ಅಂದ ಮೇಲೆ ಮತ್ಯಾರು ಅಂತ ಮೇಲಿನೋರು ಕೇಳ್ತಾರೋ ಇಲ್ವೋ? ಸತ್ತಿರೋನು ಬಿಳಿ ದೊರೆ. ಬೆಂಗ್ಳೂರಿಂದ ಬರ್ತಾರೆ. ಗೋಣಿ ಬಿಚ್ತಾರೆ. ಅವರಿಗೆ ಹಕ್ಕಿ ಮುಟ್ಟಕೆ ಅಸಹ್ಯ ಇರಲ್ಲ. ಆಗ ನೀವೇನು ಬರೀತೀರಿ?”

ಹೊರಗೆ ಕಾಟಯ್ಯ ನಾಲ್ಕೂವರೆಯಾಯಿತೆಂದು ಕೂಗಿದ.

“ಅವಳು ಮಾಡಿದಳೇ?” ಎಂದು ಕೊನೆಗೂ ಕೇಳಿದ ಪಂಚಾಕ್ಷರಪ್ಪ.

“ನಂಗೊತ್ತಿಲ್ಲ.”

“ಕೇಳಲಿಲ್ಲವೇ? ಮೊನ್ನೆ ಊಟ ತಂದಿದ್ದಳಲ್ಲ.”

“ಕೇಳಲಿಲ್ಲ. ಕೇಳೋದೂ ಇಲ್ಲ. ಮಾಡಿಲ್ಲ ಅಂದ್ರೆ ನಂಬ್ತೀನಿ, ಆದ್ರೆ ನೀವು ನಂಬಲ್ಲ. ಮಾಡೀನಿ ಅಂದ್ರೆ...” ಇಮಾಮ್ ಸಾಬ್ ಡಬ್ಬಿಯನ್ನು ಆಚೆ ಸರಿಸಿದ. “ಇಪ್ಪತ್ತೆರಡು ವರ್ಷದ ಮಗಳು ಸ್ವಾಮಿ. ತಾಯಿ ಇಲ್ಲದ್ದು. ಸತ್ತ ಹಕ್ಕಿ ಮಧ್ಯೆ ಬೆಳೆಸಿದೋನು ನಾನು. ಅವಳ ಕೈಗೆ ಪಾಷಾಣದ ಡಬ್ಬಿ ಕೊಟ್ಟೋನೂ ನಾನೇ. ತಪ್ಪು ಯಾರದ್ದು ಅಂತ ಲೆಕ್ಕ ಹಾಕಕ್ಕೆ ಹೋದ್ರೆ ನಿಮಗಿಂತ ಮುಂದೆ ನಾನಿದೀನಿ.”

“ನಾಳೆ ಶಿವಮೊಗ್ಗೆಗೆ ಹೋದರೆ ತಿರುಗಿ ಬರುವುದಿಲ್ಲ.”

“ಗೊತ್ತೈತೆ.”

ಪಂಚಾಕ್ಷರಪ್ಪ ಮಸಿಯ ಮುಚ್ಚಳ ತೆಗೆದ. ಕಾಗದವನ್ನು ಅವನ ಮೊಣಕಾಲ ಹತ್ತಿರಕ್ಕೆ ಸರಿಸಿದ. ಇನ್ಸ್‌ಪೆಕ್ಟರನಾಗಿ ಅಲ್ಲ, ಬೇಡುವವನಾಗಿ ಅವನ ಬಲಗೈಯನ್ನು ಹಿಡಿದುಕೊಂಡ. “ಒಂದು ಹೆಬ್ಬೆಟ್ಟು. ಮಿಕ್ಕಿದ್ದು ನನಗೆ ಬಿಡಿ.”

ಇಮಾಮ್ ಸಾಬ್ ಕೈ ಬಿಡಿಸಿಕೊಂಡ. ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಕಟ್ಟಿದ. ಹೆಬ್ಬೆರಳು ಒಳಗೆ ಸೇರಿತು.

“ಈ ಡಬ್ಬಿ ನಂದಲ್ಲ,” ಎಂದ, ಹೊರಗಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ಆವತ್ತು ನಾನು ಹಿರಿಯೂರಾಗೆ ಇರಲಿಲ್ಲ. ಬರ್ಕಳ್ರಿ. ನಾನು ಹೊರಗೆ ಬರಲ್ಲ.”